ನಿಲ್ಲದೆ ಕೊಡುವುದು: ಓಡುತ್ತಲೇ ಪಾಸ್ ಮಾಡಲು ಮಕ್ಕಳಿಗೆ ಕಲಿಸುವ ಬಗೆ

ನಮ್ಮ ಕಡೆಯ ಮೈದಾನಗಳಲ್ಲಿ ಬೆಳಗಿನ ಆರೂವರೆಗೆ ಹೋಗಿ ನಿಂತರೆ ಫುಟ್‌ಬಾಲ್ ಅಭ್ಯಾಸದ ದೃಶ್ಯ ಸಾಮಾನ್ಯವಾಗಿ ಒಂದೇ ಬಗೆಯದಾಗಿರುತ್ತದೆ. ಮಕ್ಕಳು ಎದುರುಬದುರಾಗಿ ಎರಡು ಸಾಲುಗಳಲ್ಲಿ ನಿಂತು, ಹತ್ತು ಹೆಜ್ಜೆಗಳ ಅಂತರದಲ್ಲಿ ಚೆಂಡನ್ನು ಅತ್ತಿಂದಿತ್ತ ತಳ್ಳುತ್ತಿರುತ್ತಾರೆ. ದಾವಣಗೆರೆಯಲ್ಲಿ ಮಕ್ಕಳಿಗೆ ಆಟ ಕಲಿಸತೊಡಗಿದ ಮೊದಲ ಕೆಲವು ವರ್ಷ ನಾನೂ ಹೀಗೆಯೇ ಮಾಡಿಸಿದೆ. ಸಾಲು ನೇರವಾಗಿದ್ದರೆ ಪಾಠವೂ ನೇರವಾಗಿದೆ ಎಂದುಕೊಂಡಿದ್ದೆ. ಒಂದು ಅಂತರಶಾಲಾ ಪಂದ್ಯದಲ್ಲಿ ನಮ್ಮ ತಂಡದ ಹನ್ನೆರಡು ವರ್ಷದ ಹುಡುಗನೊಬ್ಬ ಎಡಬದಿಯಲ್ಲಿ ಚೆಂಡಿನೊಂದಿಗೆ ಚೆನ್ನಾಗಿ ಓಡಿ ಬಂದ, ಮುಂದೆ ಇಬ್ಬರು ಜೊತೆಗಾರರು ಖಾಲಿ ಇದ್ದರು. ಅವನು ಅಂಗಾಲಿನಿಂದ ಚೆಂಡನ್ನು ಒತ್ತಿ ನಿಲ್ಲಿಸಿದ, ಎಡಗಾಲನ್ನು ಚೆಂಡಿನ ಪಕ್ಕಕ್ಕೆ ಸರಿಯಾಗಿ ತಂದಿಟ್ಟ, ತಲೆಯೆತ್ತಿ ನೋಡಿದ, ಆಮೇಲೆ ಪಾಸ್ ಮಾಡಲು ಹೋದ. ಅಷ್ಟರಲ್ಲಿ ಹಿಂದಿನಿಂದ ಬಂದ ಎದುರಾಳಿ ಚೆಂಡನ್ನು ಒಯ್ದಾಗಿತ್ತು. ಹೊರಗೆ ಕುಳಿತಿದ್ದವರೆಲ್ಲ ಹುಡುಗನನ್ನು ಬೈದರು. ಅವನಾದರೋ ನಾನು ಆರು ತಿಂಗಳಿಂದ ಸಾಲಿನಲ್ಲಿ ನಿಲ್ಲಿಸಿ ಕಲಿಸಿದ್ದನ್ನು ಒಂದಿಷ್ಟೂ ಬಿಡದೆ ಮಾಡಿ ತೋರಿಸಿದ್ದ.

ಅಂದಿನಿಂದ ನನ್ನ ಕಲಿಸುವ ಕ್ರಮ ಬದಲಾಯಿತು. ನಿಂತು ಪಾಸ್ ಮಾಡುವುದನ್ನು ಮೊದಲು ಕಲಿಸಿ, ಅದು ಕೈಗೂಡಿದ ಮೇಲೆ ಓಡುತ್ತಾ ಮಾಡಿಸೋಣ ಎಂಬ ಯೋಚನೆಯಲ್ಲೇ ದೋಷವಿದೆ, ಏಕೆಂದರೆ ಅವೆರಡೂ ಒಂದೇ ಕೆಲಸದ ನಿಧಾನ ಮತ್ತು ವೇಗದ ರೂಪಗಳಲ್ಲ. ದೇಹ ಮಾಡುವ ಕೆಲಸವೇ ಬೇರೆ ಬೇರೆ. ಹೊಸದಾಗಿ ಬಂದ ಮಗುವಿಗೂ ಮೊದಲ ದಿನವೇ ನಡೆಯುತ್ತಾ ಪಾಸ್ ಮಾಡಿಸಬೇಕು. ವಾರ ಕಳೆದಂತೆ ನಡಿಗೆ ಓಟವಾಗುತ್ತದೆ, ಅಷ್ಟೇ.

ಕಾಲು ಎಲ್ಲಿ ಊರಬೇಕು

ನಿಂತಿರುವ ಚೆಂಡನ್ನು ಒದೆಯುವಾಗ ಆಧಾರದ ಕಾಲು ಚೆಂಡಿನ ಪಕ್ಕದಲ್ಲೇ, ಸುಮಾರು ಒಂದು ಗೇಣು ದೂರದಲ್ಲಿ ಇರಬೇಕೆಂದು ನಾವೆಲ್ಲ ಹೇಳುತ್ತೇವೆ. ಉರುಳುತ್ತಿರುವ ಚೆಂಡಿಗೆ ಇದು ಹೊಂದುವುದಿಲ್ಲ. ಆಧಾರದ ಕಾಲು ನೆಲ ಮುಟ್ಟಿದ ಮೇಲೆ ಒದೆಯುವ ಕಾಲು ಹಿಂದಿನಿಂದ ಬರಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತಿನಲ್ಲಿ ಚೆಂಡು ಇನ್ನಷ್ಟು ಮುಂದೆ ಹೋಗಿರುತ್ತದೆ. ಆದ್ದರಿಂದ ಓಡುತ್ತಿರುವವನು ಆಧಾರದ ಕಾಲನ್ನು ಚೆಂಡಿಗಿಂತ ತುಸು ಮುಂದೆ ಊರಬೇಕು. ಒದೆಯುವ ಕಾಲು ಬರುವ ಹೊತ್ತಿಗೆ ಚೆಂಡು ತಾನಾಗಿ ಸರಿಯಾದ ಜಾಗಕ್ಕೆ ಬಂದಿರುತ್ತದೆ. ಪಕ್ಕದಲ್ಲೇ ಊರಿದರೆ ಏನಾಗುತ್ತದೆಂದರೆ, ಮಗು ಮುಂದೆ ಹೋದ ಚೆಂಡನ್ನು ಹಿಡಿಯಲು ಕಾಲು ಚಾಚುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಚೆಂಡು ಮೊಣಕಾಲೆತ್ತರಕ್ಕೆ ಹಾರುತ್ತದೆ. ಓಡುತ್ತಾ ಕೊಟ್ಟ ಪಾಸ್ ನೆಲ ಬಿಟ್ಟು ಏಳುತ್ತಿದ್ದರೆ ಮೊದಲು ನೋಡಬೇಕಾದದ್ದು ಆಧಾರದ ಕಾಲನ್ನು.

ಇನ್ನೊಂದು ವಿಷಯ, ಪಾದದ ಯಾವ ಭಾಗದಿಂದ ಹೊಡೆಯಬೇಕು ಎಂಬುದು. ಒಳಬದಿಯ ಪಾಸ್ ನಿಖರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಸೊಂಟದಿಂದ ಕಾಲನ್ನು ಹೊರಕ್ಕೆ ತಿರುಗಿಸಬೇಕಾದ್ದರಿಂದ ಓಟದ ಹೆಜ್ಜೆ ಒಂದು ಕ್ಷಣ ಮುರಿಯುತ್ತದೆ. ಹೊರಬದಿಯಿಂದ, ಅಂದರೆ ಕಿರುಬೆರಳಿನ ಬದಿಯಿಂದ ತಳ್ಳುವ ಪಾಸ್ ಓಟದ ಹೆಜ್ಜೆಯೊಳಗೇ ಆಗಿಹೋಗುತ್ತದೆ; ಎದುರಾಳಿಗೆ ಮುನ್ಸೂಚನೆಯೂ ಸಿಗುವುದಿಲ್ಲ. ಬಲಗಾಲಿನವನು ಬಲಕ್ಕಿರುವ ಜೊತೆಗಾರನಿಗೆ ಐದಾರು ಮೀಟರ್ ದೂರಕ್ಕೆ ಕೊಡುವಾಗ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅನೇಕ ತರಬೇತುದಾರರು ಇದನ್ನು ಶೋಕಿ ಎಂದು ಬಿಡಿಸುತ್ತಾರೆ. ಅದು ಶೋಕಿಯಲ್ಲ, ಅಗತ್ಯ. ಎರಡರಲ್ಲಿ ಯಾವುದೇ ಆಗಲಿ, ಚೆಂಡು ತಾಗುವಾಗ ಪಾದದ ಕೀಲು ಸಡಿಲವಾಗಿರಬಾರದು.

ಗುರಿ ಎಲ್ಲಿದೆ

ಓಡುವ ಜೊತೆಗಾರನಿಗೆ ‘ಸ್ವಲ್ಪ ಮುಂದೆ’ ಕೊಡು ಎಂದು ಹೇಳಿದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಮುಂದೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ನಿಂತಿರುವ ಆಟಗಾರನಿಂದ ಹನ್ನೆರಡು ಮೀಟರ್ ಪಕ್ಕದಲ್ಲಿ ಜೊತೆಗಾರ ಗೋಲಿನತ್ತ ನೇರವಾಗಿ, ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ, ಚೆಂಡು ಸರಾಸರಿ ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಚೆಂಡು ತಲುಪಲು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಬೇಕು, ಅಷ್ಟರಲ್ಲಿ ಓಡುವವನು ಆರೇಳು ಮೀಟರ್ ಮುಂದೆ ಹೋಗಿರುತ್ತಾನೆ. ಅಂದರೆ ಆ ವಯಸ್ಸಿನ ಮಗುವಿನ ಸುಮಾರು ಐದು ಓಟದ ಹೆಜ್ಜೆ. ಮಕ್ಕಳು ಒಂದು ಹೆಜ್ಜೆ ಮುಂದಕ್ಕೆ ಗುರಿಯಿಟ್ಟು, ಅದೇ ಬಹಳವಾಯಿತು ಎಂದುಕೊಳ್ಳುತ್ತಾರೆ. ನಾನು ಆ ಐದನೇ ಹೆಜ್ಜೆ ಬೀಳುವ ಜಾಗದಲ್ಲಿ ಒಂದು ಹಳೆಯ ಚಪ್ಪಲಿ ಇಟ್ಟು, ಜೊತೆಗಾರನನ್ನು ನೋಡದೆ ಚಪ್ಪಲಿಗೆ ಹೊಡೆಯಲು ಹೇಳುತ್ತೇನೆ. ಮೊದಲ ಸಲ ಚೆಂಡೂ ಓಡುವವನೂ ಅಲ್ಲಿ ಒಟ್ಟಿಗೆ ಬಂದು ಸೇರಿದಾಗ ಮಕ್ಕಳ ಮುಖದಲ್ಲಿ ಮೂಡುವ ಆಶ್ಚರ್ಯ ನೋಡುವಂತಿರುತ್ತದೆ.

ಕೊಡುವವನೂ ಓಡುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಹೋಗುತ್ತಿರುವ ಟ್ರ್ಯಾಕ್ಟರ್ ಟ್ರೇಲರಿನಿಂದ ಮೆಕ್ಕೆಜೋಳದ ತೆನೆಯನ್ನು ನೇರ ಪಕ್ಕಕ್ಕೆ ಎಸೆದರೂ ಅದು ಮುಂದಕ್ಕೆ ಹೋಗಿ ಬೀಳುವುದನ್ನು ಹಳ್ಳಿಯಿಂದ ಬರುವ ಮಕ್ಕಳೆಲ್ಲ ನೋಡಿರುತ್ತಾರೆ. ಚೆಂಡೂ ಹಾಗೆಯೇ. ಕೊಡುವವನ ಓಟದ ವೇಗದಲ್ಲಿ ಅದು ಆಗಲೇ ಮುಂದಕ್ಕೆ ಉರುಳುತ್ತಿರುವುದರಿಂದ ಪಕ್ಕಕ್ಕೆ ಒದ್ದರೂ ಓರೆಯಾಗಿ ಮುಂದಕ್ಕೇ ಸಾಗುತ್ತದೆ. ಇದರಿಂದ ಎರಡು ಪಾಠಗಳು ಹುಟ್ಟುತ್ತವೆ. ಇಬ್ಬರೂ ಅಕ್ಕಪಕ್ಕದಲ್ಲಿ ಒಂದೇ ವೇಗದಲ್ಲಿ ಓಡುತ್ತಿದ್ದರೆ ಐದು ಹೆಜ್ಜೆ ಮುಂದೆ ಗುರಿಯಿಡಬೇಕಾಗಿಲ್ಲ. ಚೆಂಡು ತಾನೇ ಜೊತೆಗೆ ಓಡುತ್ತದೆ, ನೆಲದ ತಡೆಗೆಂದು ಒಂದೆರಡು ಹೆಜ್ಜೆ ಸೇರಿಸಿದರೆ ಸಾಕು. ಕೊಡುವವನು ಓಡುತ್ತಿದ್ದು ಜೊತೆಗಾರ ನಿಂತಿದ್ದರೆ, ಅವನ ಕಾಲಿಗೇ ಹೊಡೆದ ಚೆಂಡು ಅವನನ್ನು ದಾಟಿ ಹೋಗುತ್ತದೆ. ತುಸು ಹಿಂದಕ್ಕೆ ಗುರಿಯಿಡಬೇಕು. ‘ನಾನು ಸರಿಯಾಗಿ ಅವನಿಗೇ ಕೊಟ್ಟೆ ಸರ್, ಚೆಂಡೇ ಆ ಕಡೆ ಹೋಯ್ತು’ ಎಂದು ಮಗು ದೂರಿದಾಗ ಅದು ನಿಜವನ್ನೇ ಹೇಳುತ್ತಿರುತ್ತದೆ.

ಪಾಸಿಗೆ ಮುಂಚಿನ ಮುಟ್ಟು

ಇಡೀ ಪಾಠದಲ್ಲಿ ನಾನು ಹೆಚ್ಚು ಸಮಯ ಕೊಡುವುದು ಇದಕ್ಕೆ. ಓಡುತ್ತಾ ಪಾಸ್ ಮಾಡಲಾಗದ ಮಗುವಿನ ಒದೆತ ಕೆಟ್ಟದ್ದಾಗಿರುವುದಿಲ್ಲ. ಅದಕ್ಕೆ ಮುಂಚಿನ ಮುಟ್ಟು, ಅಂದರೆ ಚೆಂಡಿಗೆ ಕಾಲು ತಾಗಿಸಿ ಮುಂದಕ್ಕೆ ತಳ್ಳುವುದು, ಕೆಟ್ಟದ್ದಾಗಿರುತ್ತದೆ. ಆ ಮುಟ್ಟಿನಲ್ಲಿ ಚೆಂಡು ಕಾಲಿನ ಕೆಳಗೇ ಸಿಕ್ಕಿಕೊಂಡರೆ ಹೆಜ್ಜೆ ಗಿಡ್ಡವಾಗುತ್ತದೆ, ಮಗು ನಿಲ್ಲಲೇಬೇಕಾಗುತ್ತದೆ. ಎರಡೂವರೆ ಮೀಟರ್ ಮುಂದೆ ಹೋದರೆ ಎದುರಾಳಿಯ ಪಾಲಾಗುತ್ತದೆ. ಒಂದು ಮೀಟರಿನಷ್ಟು ಮುಂದೆ, ಪಾಸ್ ಯಾವ ದಿಕ್ಕಿಗೆ ಹೋಗಬೇಕೋ ಆ ದಿಕ್ಕಿಗೆ ಸ್ವಲ್ಪ ಓರೆಯಾಗಿ ತಳ್ಳಿದರೆ ಮುಂದಿನ ಹೆಜ್ಜೆಯೇ ಪಾಸ್ ಆಗುತ್ತದೆ.

ನೋಡುವ ಕ್ಷಣವೂ ಇಲ್ಲೇ ಅಡಗಿದೆ. ‘ತಲೆ ಎತ್ತು, ತಲೆ ಎತ್ತು’ ಎಂದು ಹೊರಗಿನಿಂದ ಕೂಗುವುದರಿಂದ ಪ್ರಯೋಜನವಿಲ್ಲ. ಯಾವಾಗ ಎತ್ತಬೇಕೆಂದು ಹೇಳಬೇಕು. ಚೆಂಡು ಪಾದವನ್ನು ಬಿಟ್ಟು ಮುಂದಿನ ಮುಟ್ಟಿಗೆ ಸಿಗುವವರೆಗಿನ ಅವಧಿಯಲ್ಲಿ ಚೆಂಡನ್ನು ನೋಡಿಯೂ ಮಾಡುವುದೇನಿಲ್ಲ. ಆಗ ಕಣ್ಣೆತ್ತಬೇಕು, ಮುಟ್ಟುವಾಗ ಕಣ್ಣಿಳಿಸಬೇಕು. ಇದಕ್ಕಾಗಿ ಮಗು ಚೆಂಡಿನೊಂದಿಗೆ ನನ್ನತ್ತ ನಡೆದು ಬರುತ್ತಿರುವಾಗ ನಾನು ಕೈಬೆರಳುಗಳನ್ನು ಎತ್ತಿ ತೋರಿಸುತ್ತೇನೆ. ಪ್ರತಿ ಮುಟ್ಟಿನ ನಂತರ ಎಷ್ಟು ಬೆರಳೆಂದು ಅದು ಕೂಗಿ ಹೇಳಬೇಕು. ನಾಲ್ಕು ದಿನ ತಪ್ಪು ಹೇಳುತ್ತಾರೆ, ಚೆಂಡನ್ನು ಎಡವುತ್ತಾರೆ, ನಗುತ್ತಾರೆ. ಐದನೇ ದಿನದ ಹೊತ್ತಿಗೆ ಹಲವರಿಗೆ ಲಯ ಸಿಕ್ಕಿರುತ್ತದೆ.

ತೆಗೆದುಕೊಳ್ಳುವವನ ಪಾಠ

ಪಾಸ್ ಕೆಟ್ಟರೆ ಕೊಟ್ಟವನನ್ನು ಬೈಯುವುದು ವಾಡಿಕೆ. ಅರ್ಧದಷ್ಟು ಸಲ ತಪ್ಪು ತೆಗೆದುಕೊಳ್ಳುವವನದು: ಬೇಗ ಓಡಿರುತ್ತಾನೆ, ತಡವಾಗಿ ಓಡಿರುತ್ತಾನೆ, ಇಲ್ಲವೇ ಎದುರಾಳಿಯ ಬೆನ್ನ ಹಿಂದೆ ಅಡಗಿ ನಿಂತು ಕೈ ಎತ್ತುತ್ತಿರುತ್ತಾನೆ. ಓಟ ಹೊರಡಬೇಕಾದದ್ದು ಕೊಡುವವನು ಆ ಕೊನೆಯ ಮುಟ್ಟನ್ನು ಮುಂದಕ್ಕೆ ತಳ್ಳಿದಾಗ. ಅವನ ಕಾಲಿನ ಕೆಳಗೆ ಚೆಂಡು ಸಿಕ್ಕಿಕೊಂಡಿರುವಾಗ ಓಡಿ ಪ್ರಯೋಜನವಿಲ್ಲ, ಅವನು ಕೊಡಲಾರ. ರಕ್ಷಕರನ್ನು ಮೊದಲೇ ದಾಟಿ ನಿಂತು ಪಾಸ್ ಪಡೆಯುವುದನ್ನು ತಡೆಯುವ ಆಫ್‌ಸೈಡ್ ನಿಯಮವೂ ಇದನ್ನೇ ಕೇಳುತ್ತದೆ, ಏಕೆಂದರೆ ಜೊತೆಗಾರ ಚೆಂಡನ್ನು ಆಡಿದ ಕ್ಷಣದಲ್ಲಿ ತೆಗೆದುಕೊಳ್ಳುವವನು ಎಲ್ಲಿದ್ದನೆಂಬುದನ್ನು ರೆಫರಿ ನೋಡುತ್ತಾನೆಯೇ ಹೊರತು ಚೆಂಡು ತಲುಪಿದಾಗ ಎಲ್ಲಿದ್ದನೆಂಬುದನ್ನಲ್ಲ. ಮುಂಚೆ ಓಡಿದವನು ಸಿಕ್ಕಿಬೀಳುತ್ತಾನೆ, ಕಾದು ಓಡಿದವನು ರಕ್ಷಕರನ್ನು ದಾಟಿ ಮುಂದೆ ಚೆಂಡು ಪಡೆದರೂ ಆಟ ಮುಂದುವರಿಯುತ್ತದೆ.

ಇದನ್ನು ವಿವರಿಸಲು ನಮ್ಮ ಮಕ್ಕಳ ಬಳಿ ಒಂದು ಸಿದ್ಧ ಭಾಷೆ ಇದೆ. ದಾವಣಗೆರೆ, ಚಿತ್ರದುರ್ಗದ ಶಾಲೆಗಳಲ್ಲಿ ಖೊ ಖೊ ಆಡದ ಮಗು ಅಪರೂಪ. ಅಲ್ಲಿ ಕುಳಿತವನಿಗೆ ಹಿಂದಿನಿಂದ ಬಂದು ‘ಖೊ’ ಕೊಡಬೇಕು. ಎದ್ದವನು ಯಾವ ಕಡೆಗೆ ಭುಜ ತಿರುಗಿಸಿದನೋ ಆ ಕಡೆಗೇ ಓಡಬೇಕು, ಹಿಂದಿರುಗುವಂತಿಲ್ಲ. ಆದ್ದರಿಂದ ಒಳ್ಳೆಯ ಖೊ ಖೊ ಆಟಗಾರ ಏಳುವ ಮುಂಚೆಯೇ ಎತ್ತ ಹೋಗಬೇಕೆಂದು ತೀರ್ಮಾನಿಸಿರುತ್ತಾನೆ. ನಮ್ಮಲ್ಲಿ ಖೊ ಖೊ ತಂಡದಿಂದ ಬಂದ ಎಂಟನೇ ತರಗತಿಯ ಹುಡುಗಿಯೊಬ್ಬಳಿದ್ದಳು. ಚೆಂಡನ್ನು ಒದೆಯುವುದು ಅವಳಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಪಾಸ್ ಬರುವ ಮೊದಲೇ ಭುಜ ಗೋಲಿನತ್ತ ತಿರುಗಿರುತ್ತಿತ್ತು, ಮೊದಲ ಮುಟ್ಟು ಓಟದೊಳಗೇ ಬೀಳುತ್ತಿತ್ತು. ಎರಡು ವರ್ಷದಿಂದ ಆಡುತ್ತಿದ್ದ ಹುಡುಗರು ಚೆಂಡಿಗೆ ಎದೆಯೊಡ್ಡಿ ನೇರ ನಿಂತು, ತೆಗೆದುಕೊಂಡು, ಆಮೇಲೆ ತಿರುಗುತ್ತಿದ್ದರು. ಅವಳನ್ನು ತೋರಿಸಿ ಕಲಿಸಿದೆ. ಈಗಲೂ ನಾನು ‘ಮೈ ತೆರೆ’ ಎಂದು ಹೇಳುವುದಿಲ್ಲ, ‘ಖೊ ಭುಜ’ ಎನ್ನುತ್ತೇನೆ, ಎಲ್ಲರಿಗೂ ಅರ್ಥವಾಗುತ್ತದೆ.

ಮಾಡಿಸಬೇಕಾದ ಆಟಗಳು

ಮೊದಲನೆಯದು ಜೋಡಿ ನಡಿಗೆ. ಇಬ್ಬರಿಗೆ ಒಂದು ಚೆಂಡು, ನಡುವೆ ಐದಾರು ಮೀಟರ್ ಅಂತರ, ಮೈದಾನದ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಹೋಗಬೇಕು. ನಿಯಮ ಒಂದೇ, ಚೆಂಡು ಎಲ್ಲಿಯೂ ನಿಲ್ಲಬಾರದು. ನಿಂತರೆ ಇಬ್ಬರೂ ಶುರುವಾದಲ್ಲಿಗೆ ಮರಳಬೇಕು. ಎರಡು ವಾರದ ನಂತರ ಇದೇ ಆಟವನ್ನು ನಿಧಾನ ಓಟದಲ್ಲಿ, ಆಮೇಲೆ ಸ್ಥಾನ ಅದಲುಬದಲು ಮಾಡುತ್ತಾ, ಅಂದರೆ ಕೊಟ್ಟವನು ಜೊತೆಗಾರನ ಬೆನ್ನ ಹಿಂದಿನಿಂದ ಆಚೆ ಬದಿಗೆ ಓಡುವಂತೆ ಮಾಡಿಸಬೇಕು. ಚೆಂಡುಗಳು ಕಡಿಮೆ ಇದ್ದರೆ ಮೂವರಿಗೆ ಒಂದಾದರೂ ಆಗಬಹುದು. ಹತ್ತು ಮಂದಿಗೆ ಒಂದು ಚೆಂಡು ಕೊಟ್ಟು ಸಾಲು ನಿಲ್ಲಿಸುವುದಂತೂ ಬೇಡ.

ಎರಡನೆಯದನ್ನು ನಾನು ಬಿಡದೆ ವಾರಕ್ಕೆ ಮೂರು ದಿನ ಆಡಿಸುತ್ತೇನೆ. ಎಂಟು ಮೀಟರಿನ ಚೌಕ, ಒಳಗೆ ಚೆಂಡು ಕಸಿಯುವವನು ಒಬ್ಬ, ನಾಲ್ಕು ಬದಿಗಳಲ್ಲಿ ಮೂರಕ್ಕೆ ಒಬ್ಬೊಬ್ಬರಂತೆ ಮೂವರು. ಒಂದು ಬದಿ ಸದಾ ಖಾಲಿ. ಚೆಂಡನ್ನು ಅಕ್ಕಪಕ್ಕದ ಬದಿಗೆ ಮಾತ್ರ ಕೊಡಬಹುದು, ಎದುರು ಬದಿಗೆ ನಡುವಿನಿಂದ ಕೊಡುವಂತಿಲ್ಲ. ಚೆಂಡು ಹಿಡಿದವನಿಗೆ ಎಡಕ್ಕೂ ಬಲಕ್ಕೂ ಒಬ್ಬೊಬ್ಬರು ಇರಲೇಬೇಕೆಂಬುದು ಗುಟ್ಟು. ಉದಾಹರಣೆಗೆ ಉತ್ತರ, ಪೂರ್ವ, ಪಶ್ಚಿಮ ಬದಿಗಳಲ್ಲಿ ಆಟಗಾರರಿದ್ದಾರೆ. ಉತ್ತರದವನು ಪೂರ್ವದವನಿಗೆ ಕೊಟ್ಟ ಕೂಡಲೇ ಪೂರ್ವದವನ ಒಂದು ಮಗ್ಗುಲಾದ ದಕ್ಷಿಣ ಖಾಲಿ ಇರುತ್ತದೆ. ಪಶ್ಚಿಮದವನು ಚೆಂಡು ಸಾಗುತ್ತಿರುವಾಗಲೇ ದಕ್ಷಿಣಕ್ಕೆ ಓಡಬೇಕು. ಚೆಂಡು ತಲುಪಿದ ಮೇಲೆ ಹೊರಟರೆ ಪೂರ್ವದವನಿಗೆ ಒಂದೇ ದಾರಿ ಉಳಿಯುತ್ತದೆ, ಕಸಿಯುವವನಿಗೆ ಅದು ಗೊತ್ತು. ಹೀಗೆ, ಓಡಿ ಬಂದು ಚೆಂಡು ಪಡೆಯುವುದು ಇಲ್ಲಿ ಆದೇಶವಾಗಿ ಬರುವುದಿಲ್ಲ. ಆಟದ ರಚನೆಯೇ ಓಡಿಸುತ್ತದೆ. ಮಾಮೂಲಿಯಾಗಿ ವೃತ್ತದಲ್ಲಿ ನಿಂತು, ನಡುವೆ ಒಬ್ಬನನ್ನು ಓಡಾಡಿಸಿ ಆಡುವ ಆಟದಲ್ಲಿ ಈ ಗುಣವಿಲ್ಲ, ಅಲ್ಲಿ ಓಡುವವನು ನಡುವಿನವನೊಬ್ಬನೇ.

ಮೂರನೆಯದು ಒನ್ ಟು, ಅಂದರೆ ಜೊತೆಗಾರನಿಗೆ ಕೊಟ್ಟು, ಎದುರಾಳಿಯನ್ನು ದಾಟಿ ಓಡಿ, ಚೆಂಡನ್ನು ಅವನಿಂದಲೇ ಗೋಡೆಗೆ ತಾಗಿ ಬಂದಂತೆ ಮರಳಿ ಪಡೆಯುವುದು. ಇದರಲ್ಲಿ ಕೆಡುವುದೆಲ್ಲ ದೂರದಲ್ಲಿ. ಎದುರಾಳಿ ನಾಲ್ಕೈದು ಮೀಟರ್ ದೂರವಿರುವಾಗಲೇ ಕೊಟ್ಟರೆ ಅವನು ಹಿಂದೆ ಸರಿದು ಇಬ್ಬರನ್ನೂ ಕಾಯಬಲ್ಲ. ಮೈಮೇಲೆ ಬಂದ ಮೇಲೆ ಕೊಟ್ಟರೆ ಅವನ ಕಾಲಿಗೇ ತಾಗುತ್ತದೆ. ಎರಡು ಮೀಟರಿನಷ್ಟು ಹತ್ತಿರ ಬಂದಾಗ ಕೊಟ್ಟು, ಕೊಟ್ಟ ಕಾಲು ನೆಲ ಮುಟ್ಟಿದ್ದೇ ಓಟದ ಮೊದಲ ಹೆಜ್ಜೆಯಾಗಬೇಕು. ಹೆಚ್ಚಿನ ಮಕ್ಕಳು ಕೊಟ್ಟ ಮೇಲೆ ತಮ್ಮ ಪಾಸ್ ಹೇಗೆ ಹೋಯಿತೆಂದು ನಿಂತು ನೋಡುತ್ತಾರೆ. ದೊಡ್ಡವರೂ ನೋಡುತ್ತಾರೆ. ಗೋಡೆಯಾಗಿ ನಿಂತವನು ಒಂದೇ ಮುಟ್ಟಿನಲ್ಲಿ, ಎದುರಾಳಿಯ ಹಿಂದಿರುವ ಖಾಲಿ ಜಾಗಕ್ಕೆ ಮರಳಿಸಬೇಕು. ಎದುರಾಳಿಯ ಬದಲು ಕಂಬ ನೆಟ್ಟು ಅಭ್ಯಾಸ ಮಾಡಿಸಿದರೆ ಹುಡುಗರು ಕಂಬವನ್ನು ಗೆಲ್ಲುವುದನ್ನಷ್ಟೇ ಕಲಿಯುತ್ತಾರೆ. ಮೊದಲು ನಡೆಯುವ ಎದುರಾಳಿಯನ್ನು, ಆಮೇಲೆ ಕಸಿಯುವ ಎದುರಾಳಿಯನ್ನು ನಿಲ್ಲಿಸುವುದು ಮೇಲು.

ಕೊನೆಗೆ ಆಟ ಇರಲೇಬೇಕು: ನಾಲ್ವರ ಎದುರು ನಾಲ್ವರು, ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ಓಡುತ್ತಾ ಪಡೆದ ಪಾಸಿನಿಂದ ಬಂದ ಗೋಲಿಗೆ ಎರಡು ಅಂಕ ಎಂಬುದೊಂದೇ ಹೆಚ್ಚುವರಿ ನಿಯಮ. ‘ಎರಡೇ ಮುಟ್ಟು’ ಎಂಬಂಥ ನಿಯಮ ಹಾಕಿದರೆ ಚೆಂಡಿನೊಂದಿಗೆ ಓಡಬೇಕಾದ ಕಡೆಯಲ್ಲೂ ಮಕ್ಕಳು ಗಾಬರಿಯಿಂದ ಒದ್ದುಬಿಡುತ್ತಾರೆಂದು ಅದನ್ನು ನಾನು ಕೈಬಿಟ್ಟಿದ್ದೇನೆ.

ಅಭ್ಯಾಸ ಮುಗಿದು ಮಂಡಕ್ಕಿ ತಿನ್ನುತ್ತಾ ಕುಳಿತಾಗ ಮಕ್ಕಳಿಗೆ ಎರಡು ಕತೆ ಹೇಳುವುದುಂಟು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ನಡೆದಾಗ ಇಂಗ್ಲೆಂಡಿನವರು ಒಬ್ಬೊಬ್ಬರೇ ಚೆಂಡನ್ನು ಒಯ್ಯುತ್ತಿದ್ದರು, ಸ್ಕಾಟ್ಲೆಂಡಿನವರು ಒಬ್ಬರಿಗೊಬ್ಬರು ಕೊಟ್ಟು ಆಡಿದರು. ಪಂದ್ಯ ಗೋಲಿಲ್ಲದೆ ಸಮವಾಯಿತು. 1974ರ ವಿಶ್ವಕಪ್ ಫೈನಲ್‌ನಲ್ಲಿ ನೆದರ್ಲೆಂಡ್ಸ್ ತಂಡ ಆಟ ಶುರುವಾದಾಗಿನಿಂದ ಚೆಂಡನ್ನು ಪಶ್ಚಿಮ ಜರ್ಮನಿಯ ಒಬ್ಬನಿಗೂ ಮುಟ್ಟಗೊಡದೆ ಎರಡನೇ ನಿಮಿಷದಲ್ಲೇ ಪೆನಾಲ್ಟಿ ಗಳಿಸಿತು, ಗೋಲನ್ನೂ ಹೊಡೆಯಿತು. ಕೊನೆಗೆ 2-1ರಿಂದ ಗೆದ್ದದ್ದು ಜರ್ಮನಿಯೇ ಎಂಬುದನ್ನೂ ಹೇಳುತ್ತೇನೆ, ಇಲ್ಲವಾದರೆ ಮಕ್ಕಳು ಹೇಗೂ ಮೊಬೈಲಿನಲ್ಲಿ ಹುಡುಕಿ ಹಿಡಿಯುತ್ತಾರೆ.

ನಮ್ಮ ನೆಲ, ನಮ್ಮ ಗಾಳಿ

ಹಸಿರು ಹುಲ್ಲಿನ ಮೇಲೆ ಚಿತ್ರೀಕರಿಸಿದ ವೀಡಿಯೋ ನೋಡಿ ಕಲಿಸುವವರು ಒಂದನ್ನು ನೆನಪಿಡಬೇಕು. ನಮ್ಮ ಗರಸು ನೆಲದಲ್ಲಿ ಚೆಂಡು ಬೇಗ ಓಡುತ್ತದೆ, ಪುಟಿಯುತ್ತದೆ. ಬಿರುಕುಬಿಟ್ಟ ಎರೆಮಣ್ಣಿನಲ್ಲಿ ದಿಕ್ಕು ತಪ್ಪುತ್ತದೆ. ಮಳೆ ಬಿದ್ದ ಎರೆಯಲ್ಲಿ ಕಾಲಿಗೆ ಮುದ್ದೆಯಾಗಿ ಅಂಟುವ ಮಣ್ಣಿನಿಂದ ಯಾವ ಅಭ್ಯಾಸವೂ ಸಾಗದು, ಆ ದಿನ ಬಿಡುವು ಕೊಡುವುದೇ ಸರಿ. ನಿಯಮದ ಪ್ರಕಾರ ಐದನೇ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ ಇದ್ದು, ಒಳಗಿನ ಗಾಳಿಯ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್‌ವರೆಗೆ ಇರಬಹುದು. ಗಟ್ಟಿ ನೆಲದಲ್ಲಿ ಈ ಮಿತಿಯ ಕೆಳತುದಿಯಲ್ಲೇ ಗಾಳಿ ತುಂಬಿಸಿದರೆ ಪುಟಿತ ಹಿಡಿತಕ್ಕೆ ಬರುತ್ತದೆ. ಹನ್ನೆರಡರೊಳಗಿನ ಮಕ್ಕಳಿಗೆ ನಾಲ್ಕನೇ ಅಳತೆಯ ಚೆಂಡು ಸಾಕು. ಗುರುತಿಗೆ ಕೋನ್ ಇಲ್ಲದಿದ್ದರೆ ಚಪ್ಪಲಿ, ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ, ಸುಣ್ಣದ ಪುಡಿ ಏನಾದರೂ ನಡೆಯುತ್ತದೆ. ಇಟ್ಟಿಗೆ, ಕಲ್ಲು ಮಾತ್ರ ಬೇಡ, ಓಡುವ ಮಗು ಅದರ ಮೇಲೆ ಬೀಳುತ್ತದೆ.

ಆಷಾಢದ ಗಾಳಿಯ ಬಗ್ಗೆ ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ, ಅವರ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಆ ತಿಂಗಳುಗಳಲ್ಲಿ ನೆಲ ಬಿಟ್ಟೆದ್ದ ಪಾಸ್ ಎಲ್ಲಿ ಬೀಳುವುದೋ ಯಾರೂ ಬಲ್ಲವರಿಲ್ಲ. ನೆಲಕ್ಕೆ ಅಂಟಿ ಉರುಳುವ ಪಾಸನ್ನೇ ಕಲಿಸಲು ಅದಕ್ಕಿಂತ ಒಳ್ಳೆಯ ಕಾಲ ಬೇರೊಂದಿಲ್ಲ. ಬೇಸಿಗೆಯಲ್ಲಾದರೆ ಬೆಳಗಿನ ಎಂಟರೊಳಗೆ ಮುಗಿಸಿ, ಕಾಲು ಗಂಟೆಗೊಮ್ಮೆ ನೀರು ಕುಡಿಸಬೇಕು. ದಣಿದ ಮಗು ಮೊದಲು ಬಿಡುವುದು ಪಾಸನ್ನಲ್ಲ, ಪಾಸ್ ಕೊಟ್ಟ ಮೇಲಿನ ಓಟವನ್ನು.

ಹೈಸ್ಕೂಲ್ ಮೈದಾನದಂಥ ಜಾಗದಲ್ಲಿ ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್ ಆಡುವವರ ನಡುವೆ ಮೂಲೆಯೊಂದು ಸಿಕ್ಕರೂ ಈ ಪಾಠಕ್ಕೆ ಸಾಕು; ಎಂಟು ಮೀಟರಿನ ಎರಡು ಚೌಕಗಳು ಎಲ್ಲಿ ಬೇಕಾದರೂ ಹಿಡಿಸುತ್ತವೆ. ಕಲಿಕೆ ಎಷ್ಟಾಗಿದೆಯೆಂದು ಅಳೆಯಲು ನಾನು ಹುಣಸೆ ಬೀಜ ಬಳಸುತ್ತೇನೆ. ನಾಲ್ವರ ಆಟ ನಡೆಯುವಾಗ ಬದಲಿ ಆಟಗಾರನೊಬ್ಬನನ್ನು ಎರಡು ಲೋಟಗಳೊಂದಿಗೆ ಗೆರೆಯಾಚೆ ಕೂರಿಸುತ್ತೇನೆ: ಚೆಂಡನ್ನು ನಿಲ್ಲಿಸಿ ಕೊಟ್ಟ ಪಾಸಿಗೆ ಒಂದು ಲೋಟಕ್ಕೆ ಬೀಜ, ನಿಲ್ಲಿಸದೆ ಕೊಟ್ಟದ್ದಕ್ಕೆ ಇನ್ನೊಂದಕ್ಕೆ. ಹತ್ತು ನಿಮಿಷವಾದ ಮೇಲೆ ಎಣಿಸಿ ಪುಸ್ತಕದಲ್ಲಿ ಬರೆದು, ಅವನು ಒಳಗೆ ಹೋಗುತ್ತಾನೆ. ಹೊರಗೆ ಬಂದವನು ಲೋಟಗಳನ್ನು ಖಾಲಿ ಮಾಡಿಕೊಂಡು ಅದೇ ಜಾಗದಲ್ಲಿ ಕೂರುತ್ತಾನೆ.